ಖಾಲಿ ಜಾಗದ ಗುಂಯ್

ಬೆಳಗಿನ ಐದು ಗಂಟೆ. ಕಾಪುವಿನ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಈ ಮನೆಯಲ್ಲಿ ಫ್ಯಾನ್ ತಿರುಗುತ್ತಿಲ್ಲ, ಫ್ರಿಜ್ಜಿಗೂ ರಜೆ. ಹಿಂದಿನ ಕೋಣೆಯಲ್ಲಿ ಸ್ಟ್ಯಾನಿಸ್ಲಾಸ್ ಕಣ್ಣು ಮುಚ್ಚಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೂತಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನನ್ನ ಕಿವಿಗೆ ಏನೂ ಸಿಗುತ್ತಿಲ್ಲ. ಅವರು ನನ್ನ ಕೈಯನ್ನೂ ಎಳೆದು ಅಲ್ಲಿಡುತ್ತಾರೆ. ಪೆಟ್ಟಿಗೆ ಸಣ್ಣಗೆ ನಡುಗುತ್ತಿದೆ.

"ಸಿಕ್ಕಿತಾ? ಇದೇ ಗುಂಯ್" ಎನ್ನುತ್ತಾರೆ.

ಇಗರ್ಜಿಯಲ್ಲೋ, ಎಂದರೆ ಚರ್ಚಿನಲ್ಲೋ, ಸಭಾಭವನದಲ್ಲೋ ಹಾಡನ್ನು ರೆಕಾರ್ಡ್ ಮಾಡಿದರೆ, ಹಾಡಿನ ಅಡಿಯಲ್ಲಿ ಗೋಡೆ ಮೂಲೆಗಳ ಮೊಳಗೂ ಸೇರಿಕೊಳ್ಳುತ್ತದೆ. ಅದನ್ನು ಹುಡುಕಿ ತೆಗೆಯುವುದು ಐವತ್ತಾರರ ಸ್ಟ್ಯಾನಿಯವರ ಕೆಲಸ. ಬಹ್ರೇನ್‌ನಲ್ಲಿ ಹನ್ನೊಂದು ವರ್ಷ ಸೌಂಡ್ ಸಾಮಾನು ರಿಪೇರಿ ಮಾಡಿ, ಎಡಗಿವಿ ಮಂದವಾದ ಮೇಲೆ 1997ರಲ್ಲಿ ಊರಿಗೆ ಬಂದವರು. ಅಂದಿನಿಂದ ಅರ್ಧ ಕಿವಿಯ ಕೆಲಸವನ್ನು ಅಂಗೈ ಮಾಡುತ್ತಿದೆ. ಮಣಿಪಾಲದಿಂದ ತಂದ ಹಳೆಯ ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಹಾಡು ಶುದ್ಧವಾಗಲು ನಾಲ್ಕು ಬೆಳಗು ಬೇಕು. ಆರೂಕಾಲಕ್ಕೆ ಎಕ್ಸ್‌ಪ್ರೆಸ್ ಬಸ್ಸುಗಳು ಶುರುವಾದರೆ ಗೋಡೆಯೇ ನಡುಗುತ್ತದೆ, ಅಲ್ಲಿಗೆ ಅಂಗಡಿ ಬಂದ್. ಆರು ವರ್ಷಗಳಲ್ಲಿ ಇನ್ನೂರಹತ್ತು ಕ್ಯಾಸೆಟ್ಟುಗಳು ಇವರ ಕೈದಾಟಿ ಹೋಗಿವೆ. ಕವರಿನ ಮೇಲೆ ಊಟದ ವ್ಯವಸ್ಥೆ ಮಾಡಿದವರ ಹೆಸರೂ ಇರುತ್ತದೆ, ಇವರದ್ದು ಮಾತ್ರ ಇಲ್ಲ. ನನಗೆ ಸಿಟ್ಟು ಬರುತ್ತದೆ, ಅವರಿಗೆ ನಗು.

"ಫ್ರಿಜ್ ಆಫ್ ಮಾಡಿ ಮೀನು ಹಾಳಾದರೆ ಮಾತ್ರ ಈ ಮನೆಯಲ್ಲಿ ಇವರ ಹೆಸರು ಬರುವುದು" ಎಂದು ಹೆಂಡತಿ ಬರ್ತಾ ಕಾಫಿ ಇಟ್ಟು ಹೋಗುತ್ತಾರೆ.

ಗೋಡೆಯ ಕಪಾಟಿನ ತುಂಬಾ ಕ್ಯಾಸೆಟ್ಟುಗಳು. ಅಲ್ಲಿರುವುದು ಹಾಡುಗಳಲ್ಲ. ಪ್ರತಿ ಹಾಡಿನಿಂದ ತೆಗೆದ ಗುಂಯ್ ಅನ್ನು ಸ್ಟ್ಯಾನಿ ಬೇರೆ ಕ್ಯಾಸೆಟ್ಟಿಗೆ ಇಳಿಸಿ, ಅದರೊಂದಿಗೆ ಸಂಗೀತವೂ ಹೋಯಿತೇ ಎಂದು ಪರೀಕ್ಷಿಸುತ್ತಾರೆ. ಒಂದನ್ನೂ ಬಿಸಾಡಿಲ್ಲ. ಮಾತಿಲ್ಲದ, ರಾಗವಿಲ್ಲದ, ಬರಿಯ ಕೋಣೆಗಳ ದನಿ ಸಾಲಾಗಿ ಕೂತಿದೆ. ಒಂದನ್ನು ಹಾಕಿ ದನಿ ಏರಿಸುತ್ತಾರೆ. ಯಾರೋ ಬಾಯಿ ಮುಚ್ಚಿಕೊಂಡು ಏನೋ ಹೇಳಲು ಒದ್ದಾಡಿದಂತೆ ಕೇಳುತ್ತದೆ. "ಸಾಕು" ಎಂದು ನಾನೇ ಹೇಳಿಬಿಡುತ್ತೇನೆ.

ಈ ಎಂಟು ದಿನಗಳಿಂದ ಅವರದು ಉಲ್ಟಾ ಕೆಲಸ. ತೆಗೆದ ಗುಂಯ್ ಒಂದನ್ನು ವಾಪಸ್ ಕೂರಿಸುತ್ತಿದ್ದಾರೆ.

ಬೆಳ್ಮಣ್ ಕಡೆಯ ಒಂದು ಇಗರ್ಜಿಯ ಗಾಯನ ಮಂಡಳಿಯಲ್ಲಿ ಬೆಂಜಮಿನ್ ಎಂಬವರು ಮೂವತ್ತು ವರ್ಷ ತಗ್ಗಿನ ಸ್ವರದಲ್ಲಿ ಹಾಡುತ್ತಿದ್ದರು. ನಿಲ್ಲುತ್ತಿದ್ದುದು ಯಾವಾಗಲೂ ಎಡಮೂಲೆಯಲ್ಲಿ. ಮೂಲೆ ತನ್ನ ಜೊತೆ ಹಾಡುತ್ತದೆ ಎನ್ನುತ್ತಿದ್ದರಂತೆ. ಇದ್ದಾಗ ಯಾರೂ ಅವರ ಹಾಡು ಹಿಡಿದಿಡಲಿಲ್ಲ. ಅವರು ತೀರಿಕೊಂಡ ಮೂರು ತಿಂಗಳಿಗೆ, ಉಳಿದವರ ಹಾಡಾದರೂ ರೆಕಾರ್ಡ್ ಆಗಲಿ ಎಂದು ಮಂಡಳಿ ಸ್ಟ್ಯಾನಿಯನ್ನು ಕರೆಸಿತು. ಸತ್ತ ಹಾಡುಗಾರನ ಜಾಗವನ್ನು ಒಂದು ವರ್ಷ ಖಾಲಿ ಬಿಡುವುದು ಆ ಮಂಡಳಿಯ ಪದ್ಧತಿ.

"ನನಗೆ ಗೊತ್ತಿರಲಿಲ್ಲ ಮಾರಾಯ್ರೆ. ಜಾಗ ಖಾಲಿ ಉಂಟಲ್ಲ ಅಂತ ಮೈಕನ್ನು ಅಲ್ಲೇ ನಿಲ್ಲಿಸಿದೆ. ಮೂಲೆಯಲ್ಲಿ ಗುಂಯ್ ಜಾಸ್ತಿ, ನಾನು ಇಡಲೇಬಾರದಿತ್ತು."

ಅಂದೇ ಬೆಂಜಮಿನ್ನರ ಪತ್ನಿ ಒಲಿಂಡಾ ಹೆಡ್‌ಫೋನಿನಲ್ಲಿ ಹಾಡು ಕೇಳಿ ಅತ್ತಿದ್ದರು. ಸ್ಟ್ಯಾನಿ ಮನೆಗೆ ಬಂದು, ಎಂದಿನಂತೆ ಗುಂಯ್ ತೆಗೆದು, ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಮೂಲ ರೆಕಾರ್ಡಿಂಗ್ ಅಳಿಸಿದರು. ಶುದ್ಧ ಕ್ಯಾಸೆಟ್ ಕೇಳಿದ ಒಲಿಂಡಾ ಮರುದಿನವೇ ಈ ಬಾಗಿಲಲ್ಲಿ ನಿಂತರಂತೆ. "ಅವರಿದ್ದರು. ನೀವು ತೆಗೆದಿರಿ" ಎಂದರಂತೆ.

"ಸತ್ತವರು ಹೇಗೆ ಇರುತ್ತಾರೆ ಅಂತ ಕೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ" ಎನ್ನುತ್ತಾರೆ ಸ್ಟ್ಯಾನಿ. "ಅವರ ಹತ್ತಿರ ಬೇರೆ ಎಂತದೂ ಇಲ್ಲ ಅಲ್ವಾ."

ಉಳಿದಿರುವುದು ಕಪಾಟಿನ ಕ್ಯಾಸೆಟ್ ಒಂದೇ. ಅದನ್ನು ಹಾಡಿನ ಅಡಿಗೆ ಸರಿಯಾಗಿ ಕೂರಿಸುವುದೇ ಕಷ್ಟ. ಹಾಡು ಮುಗಿಯುವಲ್ಲಿ ಹೊಂದಿಸಿದರೆ, ಶುರುವಿನಲ್ಲಿ ಗುಂಯ್ ಅರ್ಧ ಸೆಕೆಂಡು ಮುಂಚೆ ಬರುತ್ತದೆ. ಶುರುವಿನಲ್ಲಿ ಹೊಂದಿಸಿದರೆ ಕೊನೆ ತಪ್ಪುತ್ತದೆ. ಮೂಲೆಗೆ ತಾನಾಗಿ ಮೊಳಗಲು ಬರುವುದಿಲ್ಲ, ಮೊದಲು ಯಾರಾದರೂ ಹಾಡಬೇಕು. ಕ್ಯಾಸೆಟ್ಟಿನ ವೇಗ ಸರಿಮಾಡಿದರು. ರೆಕಾರ್ಡ್ ಮಾಡಿದ ಹೊತ್ತಿಗೆ ಬಸ್ಸು ಹೋಗಿತ್ತೇ, ಜನರೇಟರ್ ಓಡುತ್ತಿತ್ತೇ ಎಂದು ಇಗರ್ಜಿಗೆ ಹೋಗಿ ವಿಚಾರಿಸಿದರು. ಎರಡೂ ಇರಲಿಲ್ಲ.

"ಕೊನೆಗೆ ಇದ್ದದ್ದು ಇದ್ದ ಹಾಗೇ ಬಿಟ್ಟಿದ್ದೇನೆ. ಹಾಡು ಶುರುವಾಗುವ ಮೊದಲೇ ಉಂಟು ಅದು. ಯಾಕೆ ಅಂತ ನನ್ನನ್ನು ಕೇಳಬೇಡಿ."

ನಾನು ಹೊರಗೆ ಬೆಳಕು ಹರಿದಿದೆ ಎಂದು ಕಿಟಕಿಯತ್ತ ನೋಡಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಬಸ್ಸುಗಳು ಶುರುವಾಗುವ ಮೊದಲೇ, ಆರಕ್ಕೆ, ಒಲಿಂಡಾ ಬರುತ್ತಾರೆ. ಕುಳ್ಳಗಿನ, ಬಿಗುವಿನ ಹೆಂಗಸು. ಅರ್ಧ ಸೆಕೆಂಡಿನ ವಿಷಯ ಅವರಿಗೆ ಯಾರೂ ಹೇಳಿಲ್ಲ. "ಕೈ ಇಲ್ಲಿಡಿ, ಒಲಿಂಡಾಬಾಯಿ" ಎಂದು ಸ್ಟ್ಯಾನಿ ಪೆಟ್ಟಿಗೆ ತೋರಿಸಿ ಗುಂಡಿ ಒತ್ತುತ್ತಾರೆ. ಮೌನ. ಹಾಡಿನ್ನೂ ಬಂದಿಲ್ಲ. ಒಲಿಂಡಾರ ಬೆರಳುಗಳು ಬೆಚ್ಚಿ ಮೇಲೆದ್ದು ಮತ್ತೆ ಕೂರುತ್ತವೆ. ಆಮೇಲೆ ಮಂಡಳಿ ಹಾಡತೊಡಗುತ್ತದೆ.

"ಇವರದು ಯಾವಾಗಲೂ ಅವಸರ" ಎನ್ನುತ್ತಾರೆ ಅವರು, ಅಳುತ್ತಲೇ ನಗುತ್ತಾ. "ಎಲ್ಲರಿಗಿಂತ ಮುಂಚೆ ಶುರು ಮಾಡುವುದು. ಎಷ್ಟು ಸಲ ಬೈಸಿಕೊಂಡರೂ ಬುದ್ಧಿ ಬರಲಿಲ್ಲ."

ಸ್ಟ್ಯಾನಿ ನನ್ನತ್ತ ನೋಡುತ್ತಾರೆ. ನಾನು ಪೆನ್ನು ಕೆಳಗಿಡುತ್ತೇನೆ. 

ಹೊರಡುವಾಗ ಕೇಳುತ್ತೇನೆ, ಈ ಸಲವಾದರೂ ಕವರಿನಲ್ಲಿ ನಿಮ್ಮ ಹೆಸರು ಹಾಕಲು ಹೇಳಲೇ? ಅವರು ಬಾಗಿಲ ಹಿಂದಿನ ಫ್ರಿಜ್ಜಿನ ಸ್ವಿಚ್ ಹಾಕುತ್ತಾರೆ.

"ನನ್ನದು ಬೇಡ. ಹಾಡಿದವರ ಪಟ್ಟಿಯಲ್ಲಿ ಬೆಂಜಮಿನ್ ಅಂತ ಒಂದು ಹೆಸರು ಬಿಟ್ಟುಹೋಗಿದೆ. ಅದನ್ನು ಸೇರಿಸಲಿಕ್ಕೆ ಹೇಳಿ."