ಕಣ್ಣಿನ ಮಷಿನ್ನಿಗೆ ಹಚ್ಚಿದ ಕುಂಕುಮ

ನಾನು ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಕುಂಕುಮದ ಬೆರಳಿನಿಂದ. ಅದೂ ಮುಟ್ಟಬಾರದ ಜಾಗದಲ್ಲೇ ಮುಟ್ಟಿದೆ.

ನನ್ನ ಯಜಮಾನರು ಗಂಗಾವತಿಯಿಂದ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹತ್ತು ವರ್ಷ ಬಾಯ್ಲರ್ ಮುಂದೆ ನಿಂತು ಭತ್ತ ಕುದಿಸಿದವರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಗಿರಣಿಗೆ ಹೊಸ ಮಷಿನ್ ಬಂತು. ಅಕ್ಕಿಯ ಬಣ್ಣ ನೋಡಿ ಕಪ್ಪು ಕಾಳನ್ನು ಬೇರೆ ಮಾಡುವಂಥದ್ದು. ಗಿರಣಿಯವರೆಲ್ಲ ಅದಕ್ಕೆ ‘ಕಣ್ಣಿನ ಮಷಿನ್’ ಎನ್ನುತ್ತಿದ್ದರು. ಅದನ್ನು ನಡೆಸುವುದನ್ನು ಕಲಿಯುತ್ತೇನೆಂದು ಇವರೇ ಮುಂದೆ ಬಂದರು. ಆದರೆ ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಇವರು ಓದಿದ್ದು ಅಳವಂಡಿಯ ಕನ್ನಡ ಶಾಲೆಯಲ್ಲಿ.

ಕೊಪ್ಪಳದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷ್, ಮದುವೆಯಾದ ಮೇಲೆ ಮೊದಲ ಸಲ ನನಗೆ ಕೆಲಸಕ್ಕೆ ಬಂದದ್ದು ಆಗಲೇ. ಸಂಜೆ ಹಿಟ್ಟಿನ ಡಬ್ಬಿಗೆ ಪುಸ್ತಕ ಆನಿಸಿಟ್ಟು, ರೊಟ್ಟಿ ಬಡಿಯುತ್ತಲೇ ಓದಿ ಅರ್ಥ ಹೇಳುತ್ತಿದ್ದೆ. ಹಾಳೆ ತಿರುವುವುದು ಇವರ ಕೆಲಸ.

“ಒಳಗ ಒಂದು ಸಣ್ಣ ಕಂಪ್ಯೂಟರ್ ಐತಂತ್ರಿ. ಪ್ರತಿ ಕಾಳಿನ ಫೋಟೋ ನೋಡ್ತೈತಂತ. ಕಪ್ಪು ಕಂಡ್ರ ಗಾಳಿ ಊದಿ ಆಚಿಗೆ ಹಾರಸ್ತೈತಂತ.”

“ಹಂಗಾರ ನೀ ಅಕ್ಕಿ ಹಸನ ಮಾಡಿದಂಗ ಅನ್ನು.”

“ನಾ ಅಷ್ಟು ಛಂದ ಹಸನ ಮಾಡಿದ್ರ ನಿಮ್ಮ ಅನ್ನದಾಗ ಕಲ್ಲು-ಹಳ್ಳು ಬರ್ತಿದ್ದಿಲ್ಲ ಬಿಡ್ರಿ.”

ಗಾಜನ್ನು ಒಣ ಬಟ್ಟೆಯಿಂದ ಒರೆಸಿ ಸದಾ ಚೊಕ್ಕವಾಗಿಡಬೇಕು ಎಂಬ ಸಾಲನ್ನೂ ನಾನೇ ಓದಿ ಹೇಳಿದ್ದೆ. ಆದರೆ ಮಷಿನ್ ನೋಡಿರದ ನನಗೆ ಯಾವ ಗಾಜು, ಎಲ್ಲಿಯ ಗಾಜು ಎಂಬುದು ಗೊತ್ತಿರಲಿಲ್ಲ.

ಮಹಾನವಮಿ ಬಂತು. ಗಿರಣಿಯಲ್ಲಿ ಯಾವ ಯಂತ್ರವನ್ನು ಯಾರು ನಡೆಸುತ್ತಾರೋ ಅವರ ಮನೆಯಾಕೆಯೇ ಅದಕ್ಕೆ ಕುಂಕುಮ ಹಚ್ಚುವ ಪದ್ಧತಿ. ಇವರು ಬಾಯ್ಲರ್ ಹತ್ತಿರ ಕಾಯಿ ಒಡೆಯಲು ಹೋಗಿದ್ದರು. ನಾನು ಆರತಿ ತಟ್ಟೆ ಹಿಡಿದು ಹೊಸ ಮಷಿನ್ನಿನ ಮುಂದೆ ನಿಂತೆ. ಅದರ ಬಾಗಿಲು ತೆರೆದಿತ್ತು. ಒಳಗೆ ಸಾಲಾಗಿ ಮೂರು ಗಾಜು, ಕನ್ನಡಿಯಂತೆ ಫಳಫಳ. ಅದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ. ನಡುವಿನ ಗಾಜಿಗೆ ಒದ್ದೆ ಕುಂಕುಮವನ್ನು ದುಂಡಗೆ ಹಚ್ಚಿ, ಕೈ ಮುಗಿದು, ಬಾಗಿಲನ್ನೂ ನಾನೇ ಮುಚ್ಚಿ ಬಂದೆ.

ಪೂಜೆಯಾದ ಮೇಲೆ ಎಲ್ಲ ಯಂತ್ರಗಳನ್ನೂ ಸ್ವಲ್ಪ ಹೊತ್ತು ನಡೆಸಬೇಕು. ಗಿರಣಿಯ ಮಾಲೀಕರಾದ ಸಾವ್ಕಾರರು ಅಕ್ಕಿ ಕೊಳ್ಳುವ ವ್ಯಾಪಾರಸ್ಥರನ್ನು ಕರೆದುಕೊಂಡು ಹೊಸ ಮಷಿನ್ ತೋರಿಸಲು ಬಂದರು. ಇವರು ಹೊಸ ಅಂಗಿಯ ತೋಳು ಮಡಚಿ ಗುಂಡಿ ಒತ್ತಿದರು. ಕಪ್ಪು ಕಾಳು ಬೀಳಬೇಕಾದ ಚೀಲಕ್ಕೆ ಮಲ್ಲಿಗೆಯಂಥ ಬಿಳಿ ಅಕ್ಕಿ ಸುರಿಯತೊಡಗಿತು.

“ಏನಪಾ, ನಿನ್ನ ಕಂಪ್ಯೂಟರಿಗೆ ಹಬ್ಬದ ಹೋಳಿಗಿ ಹೆಚ್ಚಾತೇನು?” ಎಂದ ಒಬ್ಬ ಮುದಿ ಹಮಾಲ. ಎಲ್ಲರೂ ನಕ್ಕರು. ಇವರು ಆ ಗುಂಡಿ ಈ ಗುಂಡಿ ಒತ್ತಿ ನೋಡಿದರು. ಅಂಗಿಯ ಬೆನ್ನು ಒದ್ದೆಯಾಯಿತು.

ಸಾವ್ಕಾರರು ನಗಲಿಲ್ಲ. “ಕಂಪನಿ ಕಡಿಂದ ಒಬ್ಬ ಆಪರೇಟರನ್ನ ಕರಸ್ತೀನಿ. ನೀ ನಾಳಿಯಿಂದ ಮೊದಲಿನಂಗ ಬಾಯ್ಲರ್ ನೋಡ್ಕೊ.”

ನಾನು ಹೆಂಗಸರ ನಡುವೆ ನಿಂತು ಸದ್ದು ಕೇಳುತ್ತಿದ್ದೆ. ಅಕ್ಕಿ ಗಾಜಿಗೊಂದರಂತೆ ಮೂರು ಇಳಿಜಾರುಗಳಲ್ಲಿ ಇಳಿಯುತ್ತಿತ್ತು. ಆಚೆ ಈಚೆಯ ಎರಡೂ ಒಗ್ಗರಣೆಯ ಸಾಸಿವೆಯಂತೆ ಚಿಟ್, ಚಿಟ್ ಎಂದು ಬಿಟ್ಟುಬಿಟ್ಟು ಗಾಳಿ ಊದುತ್ತಿದ್ದವು. ನಡುವಿನದು ಮಾತ್ರ ಕಾದ ಹಂಚಿಗೆ ನೀರು ಬಿದ್ದಂತೆ ಚರ್ ಎನ್ನುತ್ತಲೇ ಇತ್ತು, ನಿಲ್ಲಲೊಲ್ಲದು. ನಡುವಿನದು! ಹೇಳಿದರೆ ಅಷ್ಟು ಜನರ ಮುಂದೆ ಹೆಂಡತಿಯೇ ಕೆಡಿಸಿದಳೆಂಬ ಮಾತು. ಹೇಳದಿದ್ದರೆ ಇವರಿಗೆ ಮತ್ತೆ ಬಾಯ್ಲರ್.

“ಕೇಳ್ರಿ, ನಡುವಿಂದು ಒಂದ ಸವನ ಊದಾಕತ್ತೈತಿ,” ಎಂದೆ. “ಅಲ್ಲೇ ಗಾಜಿಗೆ ನಾ ಕುಂಕುಮ ಹಚ್ಚೀನಿ.”

ಇವರು ಮಷಿನ್ ನಿಲ್ಲಿಸಿ ಬಾಗಿಲು ತೆರೆದರು. ಧೂಳು ಒರೆಸಲು ಒಳಗೆ ಒಂದು ಪುಟ್ಟ ಕಡ್ಡಿ ಆಡುತ್ತದೆ. ಅದು ನನ್ನ ಕುಂಕುಮವನ್ನು ಗಾಜಿಗೆಲ್ಲ ಬಳಿದುಬಿಟ್ಟಿತ್ತು. ಆ ಕೆಂಪಿನ ಹಿಂದೆ ಕಂಪ್ಯೂಟರಿಗೆ ಒಂದೂ ಒಳ್ಳೆಯ ಕಾಳು ಕಂಡಿರಲಿಲ್ಲ. ತನಗೆ ಕಂಡಂತೆ ಅದು ಸರಿಯಾಗಿಯೇ ಕೆಲಸ ಮಾಡಿತ್ತು, ಪಾಪ.

ಇವರು ಬಟ್ಟೆ ತೆಗೆದುಕೊಂಡರು, ಹಾಗೆಯೇ ನಿಂತರು.

“ಹಬ್ಬದ ದಿನ ಹಚ್ಚಿದ ಕುಂಕುಮ ಅಳಸ್ತಾರೇನ್ರಿ?” ಎಂದು ಹೆಂಗಸರಲ್ಲಿ ಯಾರೋ ಅಂದರು. ಸಾವ್ಕಾರರೂ ಬೇಡವೆಂಬಂತೆ ಕೈ ಎತ್ತಿದರು.

ಅಷ್ಟರಲ್ಲಿ ಸಾವ್ಕಾರರ ತಾಯಿ ಕೋಲೂರಿಕೊಂಡು ಬಂದು ಒಳಗೆ ಇಣುಕಿದರು. “ಏನ ಹುಚ್ಚಿ, ಕಣ್ಣಾಗ ಯಾರರ ಕುಂಕುಮ ಹಚ್ತಾರೇನ? ಹಣಿಗೆ ಹಚ್ಚಬೇಕು. ಮೊದಲ ಮ್ಯಾಲೆ ಹಚ್ಚು. ಆಮ್ಯಾಲೆ ಅವ ಕಣ್ಣು ಒರಸ್ಲಿ.”

ಬೋರಲು ಹಾಕಿದ ಡಬ್ಬಿಯ ಮೇಲೆ ಹತ್ತಿ, ಮಷಿನ್ನಿನ ನೆತ್ತಿಯ ತಗಡಿಗೆ ಕುಂಕುಮ ಹಚ್ಚಿದೆ. ಇವರು ಒಣ ಬಟ್ಟೆಯಿಂದ ಗಾಜು ಒರೆಸಿದರು, ಮಗುವಿನ ಮುಖ ಒರೆಸುವಷ್ಟು ಮೆತ್ತಗೆ. ಮತ್ತೆ ಗುಂಡಿ ಒತ್ತಿದಾಗ ಮೂರೂ ಕಡೆ ಸಾಸಿವೆ ಸಿಡಿಯಿತು. ಚೀಲಕ್ಕೆ ಬಿದ್ದದ್ದು ಕಪ್ಪು ಕಾಳು, ಹಳದಿ ಕಾಳು, ಅಷ್ಟೇ.

ಸಾವ್ಕಾರರು ಒಳ್ಳೆಯ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ಬಂದವರಿಗೆ ತೋರಿಸಿದರು. ಆಮೇಲೆ ಇವರ ಹೆಗಲ ಮೇಲೆ ಕೈಯಿಟ್ಟು, “ಇವರು ನಮ್ಮ ಆಪರೇಟರ್,” ಎಂದರು. ಅಲ್ಲಿಯವರೆಗೆ ಆ ಗಿರಣಿಯಲ್ಲಿ ಇವರನ್ನು ‘ಬಾಯ್ಲರಿನವ’ ಎಂದೇ ಕರೆಯುತ್ತಿದ್ದರು. ಕಂಪನಿಗೆ ಫೋನ್ ಮಾಡಲು ಹೊರಟಿದ್ದ ಗುಮಾಸ್ತನನ್ನು ಸಾವ್ಕಾರರೇ ಕೂಗಿ ನಿಲ್ಲಿಸಿದರು.

ಇವರು ಸುಮ್ಮನೆ ಇರಬಹುದಿತ್ತು. ಇರಲಿಲ್ಲ. ನನ್ನ ಕಡೆ ಕೈ ಮಾಡಿ, “ಹಚ್ಚಿದಾಕಿನೂ ಆಕೀನ, ಹುಡುಕಿದಾಕಿನೂ ಆಕೀನರಿ. ಆ ಇಂಗ್ಲಿಷ್ ಪುಸ್ತಕ ಓದಿ ನನಗ ಕಲಿಸಿದಾಕಿನೂ ಆಕೀನ,” ಎಂದರು.

ಅಷ್ಟೂ ಜನ ತಿರುಗಿ ನೋಡಿದರು. ಬೇರೆ ದಿನವಾಗಿದ್ದರೆ ಸೆರಗು ಎಳೆದುಕೊಂಡು ತಲೆ ತಗ್ಗಿಸುತ್ತಿದ್ದೆ. ಅಂದು ತಗ್ಗಿಸಲಿಲ್ಲ.