ಎಂಟು ದಿನದ ರೈಲು ಪಾಸು

ಖಾನಾಪುರದಿಂದ ಬೆಳಗಾವಿಗೆ ಮೂವತ್ತು ವರ್ಷ ಮಂತ್ಲಿ ಪಾಸಿನ ಮೇಲೆ ಓಡಾಡಿ ನೌಕರಿ ಮಾಡಿದ ನನಗೆ ರೈಲು ಪಾಸಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದೇ ನಂಬಿದ್ದೆ. ನಿವೃತ್ತಿಯಾದ ವರ್ಷ ಹೆಂಡತಿಯನ್ನು ಕರೆದುಕೊಂಡು ಸ್ವಿಟ್ಜರ್ಲೆಂಡಿಗೆ ಹೋಗುವುದೆಂದು ತೀರ್ಮಾನವಾಯಿತು. ಬೆಳಗಾವಿಯ ಕ್ಯಾಂಪ್ ಭಾಗದ ಟ್ರಾವೆಲ್ಸ್ ಆಫೀಸಿನ ಹೆಣ್ಣುಮಗಳು, "ಅಲ್ಲಿ ಎಂಟು ದಿನಕ್ಕ ಒಂದ ಪಾಸ್ ಸಿಗತೈತ್ರಿ ಸರ್. ರೈಲು, ಬಸ್ಸು, ದೋಣಿ ಎಲ್ಲಾ ನಡೀತೈತಿ. ಆದ್ರ ದಿನಾ ಅಡ್ಡಾಡಿದ್ರ ಮಾತ್ರ ಗಿಟ್ಟತೈತಿ, ಇಲ್ಲಾಂದ್ರ ಬಿಡಿ ಟಿಕೀಟ ಚಲೋ" ಎಂದಳು. ನನಗೆ ಸಿಟ್ಟೇ ಬಂತು. ನಾನು ಬಿಡಿ ಟಿಕೆಟ್ ತೆಗೆಸುವವನೇ?

ಮರುದಿನ ನೌಕರಿಗೆ ಹೋಗುತ್ತಿದ್ದ ಅದೇ ಹಳೆಯ ರೈಲುಗಾಡಿ ಹತ್ತಿ, ದಿನಾ ಜೊತೆಗೆ ಓಡಾಡುತ್ತಿದ್ದ ನಮ್ಮ ಪಾಸ್ ಮಂಡಳಿಯ ಮುಂದೆ ವಿಷಯ ಇಟ್ಟೆ. ಕಿಟಕಿಯಿಂದ ಕರ್ಚೀಫ್ ಹಾಕಿ ಹಿಡಿದ ಅದೇ ಸೀಟು, ಮೊಣಕಾಲ ಮೇಲೆ ತೆರೆದ ಡಬ್ಬಿಗಳು, ಅರ್ಧ ಮರಾಠಿ ಅರ್ಧ ಕನ್ನಡದ ಅದೇ ಗದ್ದಲ. ಅವರಲ್ಲಿ ಒಬ್ಬನೂ ವಿಮಾನ ಹತ್ತಿದವನಲ್ಲ. ಆದರೂ ನಡುದಾರಿಯ ದೇಸೂರು ಸ್ಟೇಷನ್ ದಾಟುವುದರೊಳಗೆ ತೀರ್ಪು ಬಂತು: "ಪಾಸ್ ತೆಗಸ್ರಿ ಸಾಹೇಬ್ರ, ಇದರಾಗ ವಿಚಾರ ಮಾಡೂದೇನೈತಿ?"

ಮನೆಗೆ ಬಂದು, ಪಾಸು ಗಿಟ್ಟಲೇಬೇಕೆಂದು ಎಂಟು ದಿನದ ವೇಳಾಪಟ್ಟಿ ಬರೆದೆ. ಬೆಳಿಗ್ಗೆ ಏಳಕ್ಕೆ ಮೊದಲ ರೈಲು, ಸಂಜೆ ಏಳಕ್ಕೆ ಕೊನೆಯದು. ಒಂದು ಊರಿಗೆ ನಲವತ್ತು ನಿಮಿಷ, ಇನ್ನೊಂದಕ್ಕೆ ಫೋಟೊ ತೆಗೆಯುವಷ್ಟು ಹೊತ್ತು. ನನ್ನ ಕೈಬರಹ ನೋಡಿ ನಾನೇ ಉಬ್ಬಿಹೋದೆ.

ಹೆಂಡತಿ ಚಾಳೀಸು ಹಾಕಿಕೊಂಡು ಓದಿದಳು. "ಏನ್ರೀ, ಇದು ನಿಮ್ಮ ನೌಕರಿ ಪಟ್ಟಿ ಆತಲ್ಲ! ನಸುಕಿನ್ಯಾಗ ಎದ್ದು ರೊಟ್ಟಿ ಬಡದು ನಿಮ್ಮನ್ನ ಗಾಡಿಗೆ ಕಳಿಸಿ ಸಾಕಾಗೇತಿ. ಅಲ್ಲೂ ಓಡೂದೇನು?"

"ಪಾಸ್ ತೊಗೊಂಡು ಸುಮ್ನ ಕುಂದರಾಕ ಬರತೈತೇನು?" ಎಂದು ದನಿ ಏರಿಸಿದೆ.

"ಹಂಗಾದ್ರ ಪಾಸ್ ಬ್ಯಾಡ. ಒಂದ ದಿನಾ ಪೂರ್ತಿ, ಗಡಿಯಾರ ನೋಡದಾಂಗ, ನನ್ನ ಬಾಜೂ ಕುಂದರ್ರಿ. ನಿಮ್ಮ ಮಾತೆಲ್ಲಾ ಗಾಡ್ಯಾಗಿನವ್ರು ಕೇಳ್ಯಾರ. ನನ್ನ ಕಡೆ ಬಂದಿದ್ದು ಖಾಲಿ ಡಬ್ಬಿ ಅಷ್ಟ."

ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಅವಳು ಹೇಳಿದ್ದು ಖರೆ ಇತ್ತು, ಅದಕ್ಕೇ ಅಷ್ಟು ಉರಿ. ಮೂರನೆಯ ದಿನ ಟ್ರಾವೆಲ್ಸಿಗೆ ಫೋನು ಮಾಡಿ ಪಾಸು ಬೇಡ ಎಂದೆ. ಮಂಡಳಿಗೆ ಮಾತ್ರ ತೆಗೆಸಿದ್ದೇನೆ ಎಂದೇ ಹೇಳಿದೆ. ಮಾನದ ಪ್ರಶ್ನೆ.

ಸ್ವಿಟ್ಜರ್ಲೆಂಡಿನಲ್ಲಿ ಒಂದು ಸರೋವರದ ದಂಡೆಯ ಬೆಂಚಿನ ಮೇಲೆ ಕುಳಿತೆವು. ಇನ್ನು ದಿನವಿಡೀ ನಾನೇ ಮಾತಾಡಬೇಕಲ್ಲ ಎಂದು ಒಳಗೊಳಗೇ ಅಂಜಿದ್ದೆ. ಆದರೆ ಮಾತಾಡಿದ್ದು ಅವಳು. ತವರಿನ ಸುದ್ದಿ, ಓಣಿಯ ಜಗಳ, ನನಗೆ ಗೊತ್ತೇ ಇಲ್ಲದ ನಮ್ಮ ಮನೆಯ ಎಷ್ಟೋ ಸಂಗತಿ. ನಡುವೆ ತಟ್ಟನೆ ಅಂದಳು: "ಒಮ್ಮೆ ನಿಮ್ಮ ಗಾಡಿಗೇ ಬಂದಿದ್ದೆ, ಗೊತ್ತೇನ್ರಿ? ನೀವು ಮನಿ ಬಿಟ್ಟ ಮ್ಯಾಲೆ ಬೆಳಗಾವ್ಯಾಗಿನ ನನ್ನ ತಂಗಿಗೆ ಆರಾಮಿಲ್ಲಂತ ಫೋನ್ ಬಂತು. ಗಾಡಿ ತಡಾ ಇತ್ತು, ಓಡಿ ಬಂದು ಬಾಜೂ ಬೋಗ್ಯಾಗ ಹತ್ತಿದೆ. ದೇಸೂರಾಗ ನಿಂತಾಗ ನಿಮ್ಮ ನಗಿ ಕೇಳಿಸ್ತು. ಮನ್ಯಾಗ ಅಂಥಾ ನಗಿ ನಾ ಕೇಳೇ ಇರಲಿಲ್ಲ."

"ಕರೀಬೇಕಿಲ್ಲೇನು ಮತ್ತ?"

"ಕರದ್ರ ನಗೂದು ನಿಲ್ಲಸ್ತೀರೇನೋ ಅಂತ ಅಂಜಿಕಿ ಬಂತು."

ನನಗೆ ಬಹಳ ನಾಚಿಕೆಯಾಯಿತು. ಆಮೇಲೆ ಆ ಗಾಡಿಯಲ್ಲಿ ಏನೇನಕ್ಕೆ ನಗುತ್ತಿದ್ದೆವೋ ಎಲ್ಲವನ್ನೂ ನೆನಪು ಮಾಡಿಕೊಂಡು ಹೇಳುತ್ತ ಹೋದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೋಟೆಲಿಗೆ ಹೋಗುವ ದೋಣಿ ಎರಡು ಸಲ ಬಂದು ಹೋಯಿತು, ನಾವು ಏಳಲಿಲ್ಲ.