ಮನುಷ್ಯರಿಲ್ಲದ ಒಂದು ಫೋಟೋ

“ನಮ್ಮ ಕಡೆ ಮನಷ್ಯಾರಿಲ್ಲದ ಫೋಟೋ ತಗಿಯೂದು ಆಗೂದ ಇಲ್ಲ ತಮ್ಮಾ” ಎಂದು ಮೊದಲು ಹೇಳಿದವರು ಹಳಿಯಾಳದ ಸ್ಟುಡಿಯೋದ ಮಡಿವಾಳಪ್ಪ ಮಾಮಾ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜುಗಳಲ್ಲಿ ಮೂವತ್ತು ವರ್ಷ ಪಳಗಿದ ಕೈ ಅವರದು. ನಾನು ಒಪ್ಪಲಿಲ್ಲ. ಒಪ್ಪದಿರಲು ನನ್ನ ಬಳಿ ಇದ್ದದ್ದು ಒಂದೇ ಕಾರಣ: ನಾನು ಪದವೀಧರ.

ಕೇಳದವರಿಗೂ ಇದನ್ನು ಹೇಳುವುದು ನನ್ನ ಚಟ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನೇ. ಅಪ್ಪ ಧಾರವಾಡ ಸೀಮೆಯಿಂದ ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆಯಲ್ಲಿ ಪಾಳಿ ಮಾಡಿದವರು. ಊರಿಗೆಲ್ಲ ಕಾಗದ ಮಾಡಿಕೊಟ್ಟು ತಾವು ಅದರ ಮೇಲೆ ಹೆಬ್ಬೆಟ್ಟಿನ ಹೊರತು ಬೇರೇನನ್ನೂ ಮೂಡಿಸಲಿಲ್ಲ. ನಾನು ಇತಿಹಾಸ ಓದಿದೆ. ಇಂಗ್ಲಿಷ್ ನನ್ನನ್ನು ಎರಡು ಸಲ ಕೆಡವಿತು. ಮೂರನೆಯ ಸಲ ಅದಕ್ಕೇ ಬೇಸರ ಬಂದು ಬಿಟ್ಟುಬಿಟ್ಟಿತು. ಪದವಿಯ ಗೌನಿನಲ್ಲಿ ಒಂದು ಫೋಟೋ ಇರಲೆಂದು ಮಡಿವಾಳಪ್ಪ ಮಾಮಾನ ಸ್ಟುಡಿಯೋಕ್ಕೆ ಹೋದರೆ ಓಣಿಯೇ ಹಿಂದೆ ಬಂತು. ಆ ಚಿತ್ರದಲ್ಲಿ ಹದಿನಾಲ್ಕು ಜನ ಇದ್ದೇವೆ. ಪದವಿ ಯಾರದೆಂದು ಗೌನು ನೋಡಿಯಾದರೂ ಗೊತ್ತಾಗಬೇಕಿತ್ತು. ಆದರೆ ಮಾಮಾ ಬಟನ್ ಒತ್ತುವ ಹೊತ್ತಿಗೆ ಅದನ್ನು ಅಜ್ಜಿ ತೊಟ್ಟುಕೊಂಡಿದ್ದಳು.

ಬಹುಶಃ ಅಂದಿನಿಂದಲೇ ನನಗೆ ಯಾರೂ ಇಲ್ಲದ ಫೋಟೋಗಳ ಹಂಬಲ ಹತ್ತಿರಬೇಕು. ಈಗ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ರವಿವಾರ ಬಂದರೆ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಹೆಗಲಿಗೇರಿಸಿ, ಯಾರೋ ಬಾಳಿ ಬಿಟ್ಟ ಜಾಗಗಳನ್ನು ಹುಡುಕಿ ಬೈಕ್ ಹತ್ತುತ್ತೇನೆ. “ಹಾಳ ಗ್ವಾಡಿ ನೋಡಾಕ ಪೆಟ್ರೋಲ್ ಯಾಕ? ನಮ್ಮ ಹಿತ್ತಲದಾಗ ಐತೆಲ್ಲ” ಎಂದು ಅವ್ವ ಹೇಳುತ್ತಲೇ ಬಂದಿದ್ದಳು. ಈ ವರ್ಷ ಖಡಾಖಡಿ ಹೇಳಿದಳು: “ಈ ಸಲ ಒಂದ್ ಸರ್ಟಿಫಿಕೇಟ್ ತಂದ್ಯೋ, ಬೇಕಾದಲ್ಲಿ ತಿರುಗು. ಇಲ್ಲಾಂದ್ರ ರವಿವಾರಕ್ಕೊಮ್ಮೆ ಮಡಿವಾಳಪ್ಪನ ಜೋಡಿ ಮದವಿ ಫೋಟೋ ತಗಿಯಾಕ ಹೋಗು.” ನಾನು ಹೂಂ ಅಂದೆ. ಯಾಕೆಂದರೆ ಅದೇ ವಾರ ದಾಂಡೇಲಿಯ ಫೋಟೋ ಆಸಕ್ತರ ಸಂಘವೊಂದು ಪಾಳುಬಿದ್ದ ಜಾಗಗಳ ಚಿತ್ರಸ್ಪರ್ಧೆ ಸಾರಿತ್ತು. ನಿಯಮ ಒಂದೇ: ಚಿತ್ರದಲ್ಲಿ ಮನುಷ್ಯರು ಇರಕೂಡದು.

ಮೊದಲ ರವಿವಾರ ಹಳಿಯಾಳದ ಹಳೆಯ ಕೋಟೆಗೆ ಹೋದೆ. ಸುತ್ತ ನರಪಿಳ್ಳೆಯೂ ಇರಲಿಲ್ಲ. ಕ್ಯಾಮೆರಾ ಕಣ್ಣಿಗೇರಿಸಿದ್ದಷ್ಟೇ, ಗೋಡೆಯ ಮುಂದೆ ಒಬ್ಬ ಗೃಹಸ್ಥರು ಉದ್ಭವಿಸಿದರು. ಎರಡೂ ಕೈಗಳಲ್ಲಿ ಆಧಾರ್ ಕಾರ್ಡನ್ನು ಎದೆಗೆ ಹಿಡಿದು, ಮುಖವನ್ನು ಸಾಧ್ಯವಾದಷ್ಟು ಸಪ್ಪಗೆ ಮಾಡಿಕೊಂಡು ನಿಂತಿದ್ದರು.

“ಸ್ವಲ್ಪ ಸರೀರಿ” ಅಂದೆ.

“ಸರದರ ಕಾರ್ಡ್ ಕಾಣೂದಿಲ್ರೀ ಸಾಹೇಬ್ರ.”

ಇದು ತಿಳಿಯಬೇಕಾದರೆ ನಮ್ಮ ಕಡೆಯ ಮಳೆಗಾಲ ತಿಳಿದಿರಬೇಕು. ಮಳೆಗೆ ಮನೆ ಬಿದ್ದರೆ ಪರಿಹಾರಕ್ಕಾಗಿ ಫೋಟೋ ತೆಗೆಯಲು ಬರುತ್ತಾರೆ. ಬಿದ್ದ ಗೋಡೆಯ ಮುಂದೆ ಮನೆಯ ಯಜಮಾನ ಕಾರ್ಡು ಹಿಡಿದು ನಿಲ್ಲಬೇಕು. ಹೀಗಾಗಿ ಬಿದ್ದ ಗೋಡೆಯತ್ತ ಕ್ಯಾಮೆರಾ ಹಿಡಿದವನು ಸರ್ಕಾರದವನೇ, ಅವನೆದುರು ನಿಲ್ಲದವನು ಮೂರ್ಖನೇ ಎಂಬುದು ನಮ್ಮ ಸುತ್ತಲಿನ ನಾಲ್ಕು ತಾಲೂಕುಗಳ ಲೋಕಜ್ಞಾನ. “ಇದು ಕೋಟಿ ಗ್ವಾಡಿರೀ, ರಾಜರದು” ಎಂದೆ. ಅವರು ಹಿಂದಿರುಗಿ ನೋಡಿ, “ರಾಜರು ಬಂದ್ರ ಬಿಟ್ಟು ಕೊಡ್ತೇನಿ. ಸದ್ಯಕ ನಾ ನಿಂತೇನಲ್ಲ, ತಗೀರಿ” ಅಂದರು.

ನಾನು ಓದಿದ ಪುಸ್ತಕಗಳು ಆಗ ನೆನಪಾದವು. ನೂರೈವತ್ತು ವರ್ಷದ ಹಿಂದೆ ಬ್ರಿಟಿಷ್ ದೊರೆಗಳ ಕಾಲದಲ್ಲಿ ತೆಗೆದ ಗುಡಿಗಳ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಕಂಬದ ಪಕ್ಕ ಒಬ್ಬ ಬಡಕಲು ಮನುಷ್ಯ ತಪ್ಪದೆ ನಿಂತಿರುತ್ತಾನೆ. ಕಂಬದ ಎತ್ತರ ತಿಳಿಯಲೆಂದು ಅವನನ್ನು ನಿಲ್ಲಿಸುತ್ತಿದ್ದರಂತೆ. ನನಗೀಗ ಅದರಲ್ಲಿ ನಂಬಿಕೆಯಿಲ್ಲ. ಅವನನ್ನು ಯಾರೂ ನಿಲ್ಲಿಸಿರಲಿಕ್ಕಿಲ್ಲ. ತಾನಾಗಿಯೇ ಬಂದು ನಿಂತವನನ್ನು ಕದಲಿಸಲಾಗದೆ ದೊರೆಗಳೇ ಆಮೇಲೆ ಆ ಎತ್ತರದ ಕಾರಣ ಹುಟ್ಟಿಸಿರಬೇಕು.

ತೇರಗಾಂವದಲ್ಲಿ ಪಾಡು ಇನ್ನೂ ಬಿಗಡಾಯಿಸಿತು. ಅಲ್ಲೊಂದು ಪಾಳುಬಿದ್ದ ವಾಡೆ, ಹಳೆಯ ಕಾಲದ ದೊಡ್ಡ ಮನೆ, ಇದೆ. ಕಲ್ಲಿನ ಕಮಾನು, ಒಳಗೆ ಆಳೆತ್ತರದ ಹುಲ್ಲು. ಯಾರೂ ಬರುವ ಮೊದಲೇ ತೆಗೆಯಬೇಕೆಂದು ಮುಂಜಾನೆಯೇ ಹೋದೆ. ಆದರೂ ವಾರಸುದಾರರಲ್ಲಿ ಹಿರಿಯಣ್ಣ ಬಂದು ಕಮಾನಿನಡಿ ನಿಂತರು. ಅದನ್ನು ಕಂಡ ಎರಡನೆಯವರು ಹೊಲದಿಂದ ಓಡಿ ಬಂದರು. “ಅವಾ ಒಬ್ಬನ ನಿಂತದ್ದು ಫೋಟೋದಾಗ ಬಂದ್ರ ನಾಳೆ ವಾಡೆ ಅವಂದ ಅಕ್ಕೈತಿ!” ಎಂದು ಅವರ ವಾದ. ಮೂರನೆಯವರು ಹಲ್ಲುಜ್ಜುತ್ತಲೇ ಬಂದರು. ನಾಲ್ಕನೆಯವರು ಪುಣೆಯಲ್ಲಿದ್ದರು, ಅವರ ಹೆಂಡತಿ ಮೊಬೈಲಿನಲ್ಲಿ ವಿಡಿಯೋ ಕಾಲ್ ಹಚ್ಚಿ, ಗಂಡನನ್ನು ಎತ್ತಿ ಹಿಡಿದು ಸಾಲಿನಲ್ಲಿ ನಿಂತರು. ಪುಣೆಯವರು ಅಲ್ಲಿಂದಲೇ “ನಾ ಸರಿಯಾಗಿ ಬಂದೇನೇನ್ರೀ?” ಎಂದು ಕೇಳುತ್ತಿದ್ದರು. ಬಂದಿದ್ದರು. ಇಡೀ ಚಿತ್ರದಲ್ಲಿ ಸ್ಪಷ್ಟವಾಗಿದ್ದವರು ಅವರೊಬ್ಬರೇ.

ಮುಂಡಗೋಡದ ಪಾಳು ಬಂಗಲೆಯ ಕಥೆ ಬೆಳೆಸುವುದಿಲ್ಲ. ಅಂದು ಸಂತೆ. ಹುಬ್ಬಳ್ಳಿ ಬಸ್ಸು ಕಾಯುತ್ತಿದ್ದವರೆಲ್ಲ ನೆರಳಿಗೆಂದು ಅದರ ಜಗಲಿಯಲ್ಲೇ ಕೂತಿದ್ದರು. “ಎಲ್ಲಾರೂ ಒಂದ್ ನಿಮಿಷ ಕೆಳಗ ಇಳೀರಿ” ಎಂದು ಬೇಡಿಕೊಂಡರೆ, ಕಾಯಿಪಲ್ಲೆ ಮಾರುವ ಹೆಂಗಸೊಬ್ಬಳು “ನಾವು ಬ್ಯಾಡಾದ್ರ ಮತ್ತ ಏನ್ ತಗೀತಿ, ಹೆಂಚೇನು?” ಎಂದು ಕೇಳಿ ಜಗಲಿಯನ್ನೆಲ್ಲ ನಗಿಸಿದಳು. ಹೆಂಚೇ ಎಂದು ಹೇಳುವ ಧೈರ್ಯ ಪದವೀಧರನಿಗೆ ಬರಲಿಲ್ಲ.

ಸ್ಪರ್ಧೆಯ ಗಡುವಿಗೆ ಒಂದೇ ರವಿವಾರ ಉಳಿಯಿತು. ಮಡಿವಾಳಪ್ಪ ಮಾಮಾ ಆಗಲೇ ಮುಂದಿನ ಮದುವೆಗೆ ನನ್ನ ಹೆಸರು ಬರೆದುಕೊಂಡಿದ್ದರು. ನಾನು ಜೋಯಿಡಾ ಕಡೆ ಬೈಕ್ ತಿರುಗಿಸಿದೆ. ಅಲ್ಲಿನ ಸೂಪಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಊರುಗಳು ಮುಳುಗಿವೆ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಅಲ್ಲಲ್ಲಿ ಮನೆಗಳ ಬುನಾದಿ ಮೇಲೆದ್ದು ಕಾಣುತ್ತದೆ. ವರ್ಷದ ಬಹುಪಾಲು ನೀರಿನಡಿ ಇರುವ ಮನೆಯ ಮುಂದೆ ಬಂದು ನಿಲ್ಲುವವರು ಯಾರು ಎಂಬುದು ನನ್ನ ಲೆಕ್ಕಾಚಾರ.

ಒಣಗಿ ಬಿರಿದ ಕೆಸರು, ನಡುವೆ ಮೊಣಕಾಲೆತ್ತರ ಕೂಡ ಇಲ್ಲದ ಕಲ್ಲಿನ ಸಾಲು. ಅದರ ಮಧ್ಯೆ ಬಿಳಿ ಟೋಪಿಯ ಅಜ್ಜನೊಬ್ಬ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದ. ನಾನು ಕಲ್ಲು ದಾಟಿ ಅತ್ತ ನಡೆದೆ.

“ಹೇ ಹೇ! ಗ್ವಾಡಿ ಒಳಗಿಂದ ಬರ್ತಿ ಏನೋ? ಬಾಗಲಾ ಅಲ್ಲಿ ಐತಿ!”

ನಾನು ಸುತ್ತಿ ಬಂದೆ. ಎರಡು ಕಲ್ಲುಗಳ ನಡುವಿನ ತೆರಪೇ ಬಾಗಿಲು. ಚಪ್ಪಲಿ ಹೊರಗೆ ಬಿಡಿಸಿದ. ಬಗ್ಗಿ ಬಾ ಅಂದ, ಚೌಕಟ್ಟು ಗಿಡ್ಡದಂತೆ. ಇಡೀ ಆಕಾಶದ ಕೆಳಗೆ ನಾನು ತಲೆ ತಗ್ಗಿಸಿ ಒಳಗೆ ಹೋದೆ. ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟ. ಹೆಸರು ವಿಠೋಬ, ಮನೆಮಾತು ಕೊಂಕಣಿ, ಮುಳುಗಡೆಯಾದ ಮೇಲೆ ಇದೇ ತಾಲೂಕಿನ ರಾಮನಗರದಲ್ಲಿ ವಾಸ. ನೀರು ಇಳಿದ ವರ್ಷ ಮನೆ ನೋಡಿ ಹೋಗಲು ಬರುತ್ತಾನೆ. ನನ್ನ ಕಷ್ಟವನ್ನೆಲ್ಲ ಹೇಳಿಕೊಂಡೆ. ನಿಯಮ, ಅವ್ವ, ಮದುವೆ ಫೋಟೋ, ಯಾವುದನ್ನೂ ಬಿಡಲಿಲ್ಲ.

“ಇಷ್ಟೇ ಅಲ್ಲ? ನಾ ಒಳಗ ಹೋಗ್ತೇನಿ. ನೀ ಹೊರಗಿಂದ ತಗಿ” ಅಂದ.

ನಾನು ಮತ್ತೆ ಬಗ್ಗಿ ಹೊರಗೆ ಬಂದೆ. ಅಜ್ಜ ಎದ್ದು, ಪಡಸಾಲೆ ದಾಟಿ, ಬಲಕ್ಕೆ ಹೊರಳಿ, ಹತ್ತು ಹೆಜ್ಜೆ ಆಚೆ ಬಟಾಬಯಲಿನಲ್ಲಿ ನಿಂತ. ಟೋಪಿಯಿಂದ ಪಾದದವರೆಗೆ ಬಿಸಿಲಿನಲ್ಲಿ ಲಕಲಕ ಕಾಣುತ್ತಿದ್ದ. “ಹೂಂ, ತಗಿ! ಈಗ ಯಾರೂ ಇಲ್ಲ!” ಎಂದು ಅಲ್ಲಿಂದಲೇ ಕೂಗಿದ.

ಕಾಣುತ್ತೀರಿ ಎಂದು ಹೇಗೆ ಹೇಳಲಿ? ಹಾಗೆಂದರೆ ಗೋಡೆ ಇಲ್ಲ ಎಂದ ಹಾಗೆ. ಈಗತಾನೆ ಆ ಮನೆಯ ಚಹಾ ಕುಡಿದವನು ನಾನು. ಬಟನ್ ಒತ್ತಿದೆ.

ಸ್ಪರ್ಧೆಯ ಅರ್ಜಿಯಲ್ಲಿ ‘ಚಿತ್ರದಲ್ಲಿ ಮನುಷ್ಯರಿಲ್ಲ’ ಎಂದು ದೃಢೀಕರಿಸುವ ಜಾಗವಿತ್ತು. ಬಹಳ ಯೋಚಿಸಿ ಬರೆದೆ: ‘ಹಿರಿಯರು ಮನೆಯ ಒಳಗಿದ್ದಾರೆ. ಹೊರಗೆ ಯಾರೂ ಇಲ್ಲ.’ ಆಮೇಲೆ ಕೇಳಿದ್ದು: ತೀರ್ಪುಗಾರರಲ್ಲಿ ಒಬ್ಬರು ನನ್ನ ಚಿತ್ರವನ್ನು ಹೊರಗಿಟ್ಟರಂತೆ. ಇನ್ನೊಬ್ಬರು ನಿವೃತ್ತ ಭೂಮಾಪಕರು. ಅವರು ಸ್ಕೇಲು ತರಿಸಿ, ಬುನಾದಿಯ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು, ಸದರಿ ವ್ಯಕ್ತಿಯು ಮುಂಗೋಡೆಯಿಂದ ಎರಡು ಕೋಣೆ ಒಳಗಿರುವುದರಿಂದ ಹೊರಗಿನವರಿಗೆ ಕಾಣುವ ಸಂಭವವಿಲ್ಲ ಎಂದು ಷರಾ ಬರೆದರಂತೆ. ಷರಾ ಬಿದ್ದ ಮೇಲೆ ಚಿತ್ರವೂ ಒಳಗೆ ಬಂತಂತೆ. ನನಗೆ ಸಮಾಧಾನಕರ ಬಹುಮಾನ.

ದಾಂಡೇಲಿಯ ಬಂಗೂರನಗರದ ಸಭಾಂಗಣದಲ್ಲಿ ಸಮಾರಂಭ. ನಾನು ಕರೆದಿದ್ದಕ್ಕೆ ವಿಠೋಬಜ್ಜ ಹೆಂಡತಿ ಸಾವಿತ್ರಜ್ಜಿಯನ್ನೂ ಕರೆದುಕೊಂಡು ಬಂದಿದ್ದ. ನನ್ನ ಹೆಸರು ಕೂಗಿದಾಗ ಅಜ್ಜನನ್ನೂ ವೇದಿಕೆಗೆ ಎಳೆದೊಯ್ದೆ. ಅತಿಥಿಗಳು ಚಿತ್ರ ನೋಡಿದರು, ಅಜ್ಜನನ್ನು ನೋಡಿದರು, ಸರ್ಟಿಫಿಕೇಟನ್ನು ಅವನ ಕೈಯಲ್ಲೇ ಇಟ್ಟು ಕೈ ಮುಗಿದರು. ಅಜ್ಜ ಅದನ್ನು ಅಭ್ಯಾಸಬಲದಿಂದ ಎದೆಗೆ ಹಿಡಿದು ನಿಂತ. ಮುಂದಿನ ಸಾಲಿನಲ್ಲಿ ಅವ್ವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ನನ್ನ ರವಿವಾರಗಳು ಉಳಿದವು.

ಕೆಳಗೆ ಬಂದಾಗ ಸಾವಿತ್ರಜ್ಜಿ ಗೋಡೆಗೆ ಹಾಕಿದ್ದ ಚಿತ್ರದ ಹತ್ತಿರ ಮುಖ ಒಯ್ದು ನೋಡುತ್ತಿದ್ದಳು. ಬರೀ ಕೆಸರು, ನಾಲ್ಕು ಕಲ್ಲು, ಒಬ್ಬ ಗಂಡ. ಬಹಳ ಹೊತ್ತು ನೋಡಿ ನನ್ನತ್ತ ತಿರುಗಿದಳು.

“ಇವ್ರು ನಿಂತದ್ದು ನನ್ನ ಅಡಗೀಮನಿ, ತಮ್ಮಾ. ಮದವಿ ಆಗಿ ಹತ್ತ ವರ್ಷ ಆ ಮನ್ಯಾಗ ಇದ್ದೆ, ಒಂದಿನಾರ ಇವ್ರು ಆ ಕಡೆ ಕಾಲಿಟ್ಟಿದ್ರ ಕೇಳು!”